ಸಂಜೆಯ ಹೊತ್ತಿನಲ್ಲಿ ಎದ್ದ ತೋಟ

ಅಡಿಕೆ ಕೊಯ್ಯಲು, ಮದ್ದು ಬಿಡಲು ನಮ್ಮ ತೋಟಗಳಿಗೆ ಬರುವ ಮರ ಹತ್ತುವವರನ್ನು ನಾವೆಲ್ಲರೂ ಬಲ್ಲೆವು. ಮಳೆಗಾಲ ಹತ್ತಿರವಾದಂತೆ ಅವರ ದಾರಿ ಕಾಯುತ್ತೇವೆ. ಕೊಳೆರೋಗ ಕಾಣಿಸಿದರಂತೂ ಅವರ ಮನೆ ಬಾಗಿಲಿಗೇ ಹೋಗಿ ಕರೆಯುತ್ತೇವೆ. ಆದರೆ ಕೂಲಿ ಪಡೆದು ಹೊರಟ ಮೇಲೆ ಅವರ ಸಂಜೆ ಹೇಗೆ ಕಳೆಯುತ್ತದೆಂದು ಕೇಳಿದವರು ನಮ್ಮಲ್ಲಿ ಕಡಿಮೆ. ಅಂಥವರೊಬ್ಬರು ಆ ಸಂಜೆಗಳಲ್ಲೇ ತೋಟವೊಂದನ್ನು ಮಾಡಿದ ಸಂಗತಿಯನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಅವರು ದಕ್ಷಿಣ ಕನ್ನಡ ಜಿಲ್ಲೆ ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು. ಅಡ್ಯನಡ್ಕದ ಆಸುಪಾಸಿನ ತೋಟಗಳಲ್ಲಿ ಅಡಿಕೆ, ತೆಂಗಿನ ಮರ ಹತ್ತಿ ಸಂಸಾರ ಸಾಗಿಸುತ್ತಿದ್ದರು. 1978ರಲ್ಲಿ ತೋಟದ ಒಡೆಯರೊಬ್ಬರು ಇವರ ದುಡಿಮೆಯನ್ನು ಮೆಚ್ಚಿ ಎರಡು ಎಕರೆ ಜಾಗ ಕೊಟ್ಟರು. ಜಾಗವೇನೋ ಸಿಕ್ಕಿತು, ಅದು ಬೋಳು ಗುಡ್ಡದ ಇಳಿಜಾರು, ನೀರಿನ ಸುಳಿವಿಲ್ಲ. ಬಾವಿ ತೋಡಿಸಲು ಕೈಯಲ್ಲಿ ದುಡ್ಡಿಲ್ಲ. ನಾಯ್ಕರು ಆರಿಸಿಕೊಂಡದ್ದು ಆ ಸೀಮೆಯ ಹಳೆಯ ದಾರಿ, ಸುರಂಗ.

ಘಟ್ಟದ ಮೇಲಿನ ನಮ್ಮ ಕಾಫಿ ಬೆಳೆಗಾರರಲ್ಲಿ ಕೆಲವರು ಸುರಂಗವನ್ನು ನೋಡಿರಲಿಕ್ಕಿಲ್ಲ. ಬಾವಿಯನ್ನು ಕೆಳಗೆ ತೋಡಿದರೆ, ಇದನ್ನು ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಒಬ್ಬ ಮನುಷ್ಯ ಹೋಗಿ ಬರುವಷ್ಟು ಅಗಲ. ಬಾಯಿಯ ಕಡೆಗೆ ತುಸು ಇಳಿಜಾರು ಇಟ್ಟರೆ ಮುರಕಲ್ಲಿನ ಪದರದಲ್ಲಿ ಜಿನುಗಿದ ನೀರು ತಾನಾಗಿ ಹೊರಗೆ ಹರಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಸಾಮಾನ್ಯವಾಗಿ ಒಬ್ಬರು ಅಗೆಯುವುದು, ಇನ್ನೊಬ್ಬರು ಮಣ್ಣು ಹೊರುವುದು ಕ್ರಮ. ನಾಯ್ಕರು ಎರಡನ್ನೂ ಒಬ್ಬರೇ ಮಾಡಿದರು. ಹಗಲು ಕೂಲಿ ಕೆಲಸ. ಅದು ಮುಗಿದ ಮೇಲೆ ದೀಪ ಹಿಡಿದು ಗುಡ್ಡದೊಳಗೆ.

ಮೊದಲ ಸುರಂಗದಲ್ಲಿ ನೀರು ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಹೀಗೆ ಐದು ಸುರಂಗಗಳ, ವರುಷಗಟ್ಟಲೆಯ ಬೆವರು ಗುಡ್ಡದ ಪಾಲಾಯಿತು. ನೋಡಿದವರು ನಕ್ಕರು. ಆರನೆಯದನ್ನು ಕೊರೆದಾಗ ನೀರು ಬಂತು.

ನೀರು ಬಂದ ಮೇಲೆ ಕೆಲಸ ಹೆಚ್ಚಿತೇ ಹೊರತು ಮುಗಿಯಲಿಲ್ಲ. ಇಳಿಜಾರನ್ನು ತಟ್ಟುತಟ್ಟಾಗಿ ಕಡಿದು, ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿದರು. ಸುರಂಗದ ನೀರು ನಿಲ್ಲಲು ಟ್ಯಾಂಕಿ ಮಾಡಿದರು. ಸುಮಾರು 300 ಅಡಿಕೆ, 75 ತೆಂಗು, ಜೊತೆಗೆ ಗೇರು, ಬಾಳೆ, ಕರಿಮೆಣಸು ಎದ್ದುನಿಂತವು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿತು.

ಇಲ್ಲಿ ಒಂದು ಲೆಕ್ಕವನ್ನು ಬೆಳೆಗಾರರು ಗಮನಿಸಬೇಕು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಐನೂರಕ್ಕೂ ಹೆಚ್ಚು ಅಡಿಕೆ ಸಸಿ ಹಿಡಿಯುತ್ತವೆ. ಎರಡು ಎಕರೆಯಲ್ಲಿ 300 ಎಂದರೆ ಕಡಿಮೆಯೇ. ಸುರಂಗದ ನೀರನ್ನು ನಂಬಿದ ತೋಟ ಅದು ಕೊಟ್ಟಷ್ಟರಲ್ಲೇ ಬಾಳಬೇಕು; ಉಳಿದ ನೆಲದಲ್ಲಿ ಕಡಿಮೆ ನೀರು ಕೇಳುವ ಗೇರು ನಿಲ್ಲಬಲ್ಲುದು. ನಮ್ಮಲ್ಲಿ ಎಷ್ಟೋ ಮಂದಿ ಮೊದಲು ಸಸಿ ನೆಟ್ಟು, ಆಮೇಲೆ ನೀರು ಹುಡುಕಿ, ಬತ್ತಿದ ಕೊಳವೆ ಬಾವಿಯ ಸಾಲ ತೀರಿಸುತ್ತಿದ್ದೇವೆ.

ಎಲ್ಲರೂ ಸುರಂಗ ಕೊರೆಯಿರೆಂದು ನಾವು ಹೇಳುತ್ತಿಲ್ಲ. ಮಣ್ಣು ಗಟ್ಟಿಯಿಲ್ಲದಲ್ಲಿ ಅದು ಕುಸಿಯುತ್ತದೆ; ತಿಳಿದವರಿಲ್ಲದೆ ಒಳಹೋಗುವುದು ಜೀವಕ್ಕೆ ಅಪಾಯ. ನಾವು ಹೇಳಬೇಕೆಂದಿರುವುದು ಬೇರೆ. ನಾಯ್ಕರ ಛಲವನ್ನು ಹೊಗಳುವಾಗ, ಜಾಗ ಕೊಟ್ಟ ಆ ಒಡೆಯರನ್ನೂ ಮರೆಯಬಾರದು. ಆ ಎರಡು ಎಕರೆ ಇಲ್ಲದಿದ್ದರೆ ಅಷ್ಟು ಸಂಜೆಗಳ ದುಡಿಮೆಗೆ ಕಾಲೂರಲು ನೆಲವೇ ಇರುತ್ತಿರಲಿಲ್ಲ. ನಮ್ಮ ಮರ ಹತ್ತುವವರಲ್ಲಿ ಇನ್ನೆಷ್ಟು ಮಂದಿ ಇಂಥವರಿದ್ದಾರೋ. ಮುಂದಿನ ಕೊಯ್ಲಿಗೆ ಅವರು ಬಂದಾಗ ಕೂಲಿ ಲೆಕ್ಕದ ಜೊತೆಗೆ ಆ ಮಾತನ್ನೂ ಒಮ್ಮೆ ಕೇಳೋಣ.