ಪುಟದೊಳಗಿನ ಬಾಳೆಹಣ್ಣು

ಒಂಬತ್ತು ತಿಂಗಳ ಮಗುವಿನ ಮುಂದೆ ಒಂದು ಚಿತ್ರಪುಸ್ತಕ ಬಿಚ್ಚಿಡಿ. ಪುಟದ ತುಂಬ ಒಂದು ಹಳದಿ ಬಾಳೆಹಣ್ಣಿರಲಿ. ಈಗ ಆ ಕೈಗಳನ್ನು ನೋಡಿ! ಐದೂ ಬೆರಳು ಅಗಲಿಸಿ ಹಣ್ಣನ್ನು ಹಿಡಿಯಲು ಹೋಗುತ್ತದೆ. ಸಿಗುವುದಿಲ್ಲ. ಅಂಗೈಯಿಂದ ಉಜ್ಜುತ್ತದೆ, ಉಗುರಿನಿಂದ ಕೆರೆಯುತ್ತದೆ, ಮತ್ತೆ ಹಿಡಿಯುತ್ತದೆ. ನನ್ನ ತಂಗಿಯ ಮಗಳು ಹೀಗೆ ಮಾಡಿದಾಗ ಮನೆಮಂದಿಯೆಲ್ಲ ನಕ್ಕಿದ್ದೆವು. ನಗುವ ವಿಷಯವೇ ಅಲ್ಲ ಅದು. ಮನುಷ್ಯನ ಓದು ಶುರುವಾಗುವ ಜಾಗ!

ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಶ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡಿತ್ತು. ಒಂಬತ್ತು ತಿಂಗಳ ಕೂಸುಗಳು ಚಿತ್ರದಲ್ಲಿದ್ದ ವಸ್ತುವನ್ನು ಎತ್ತಿಕೊಳ್ಳಲು ಹೊರಟವು. ಅಮೆರಿಕದಲ್ಲಿ ಮಾತ್ರವಲ್ಲ, ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ಹಳ್ಳಿಯ ಕೂಸುಗಳೂ ಹಾಗೇ ಮಾಡಿದವು. ಇನ್ನು ಹತ್ತೊಂಬತ್ತು ತಿಂಗಳ ಮಕ್ಕಳನ್ನು ನೋಡಿ: ಅವು ಹಿಡಿಯಲು ಹೋಗುವುದಿಲ್ಲ. ತೋರುಬೆರಳು ನೀಡಿ, ನಮ್ಮ ಮುಖ ನೋಡುತ್ತವೆ. ಹತ್ತೇ ತಿಂಗಳು! ಆ ಹತ್ತು ತಿಂಗಳಲ್ಲಿ, ಯಾರೂ ಪಾಠ ಹೇಳದೆ, ಮಗು ಒಂದು ಮಹಾರಹಸ್ಯ ಕಂಡುಕೊಂಡಿರುತ್ತದೆ. ಇದು ಹಣ್ಣಲ್ಲ, ಹಣ್ಣಿನ ಬದಲಿಗೆ ನಿಂತಿರುವ ಇನ್ನೇನೋ.

ಒಂದರ ಬದಲಿಗೆ ಇನ್ನೊಂದು ನಿಲ್ಲುವುದು. ಅಕ್ಷರ ಅಂದರೂ ಅದೇ ಅಲ್ಲವೇ? ದನಿಯ ಬದಲಿಗೆ ನಿಂತ ಗೆರೆ.

ಈ ಯೋಚನೆ ತಲೆಗೆ ಹೊಕ್ಕಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಟಿ. ನರಸೀಪುರ ತಾಲ್ಲೂಕಿನ ಒಂದು ಅಂಗನವಾಡಿಗೆ ಹೋದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದ ಮೊದಲ ತಾಲ್ಲೂಕು ಅದು. ಚಾಪೆಯ ಮೇಲೆ ಹದಿನಾಲ್ಕು ಮಕ್ಕಳು. ಮಿಸ್ ಕೈಯಲ್ಲಿ ಹಳೆ ಕ್ಯಾಲೆಂಡರಿನ ಹಿಂಬದಿಗೆ ತಾವೇ ಬರೆದು ಹೊಲಿದ ಚಿತ್ರಪುಸ್ತಕ. ಒಂದಕ್ಷರವೂ ಇಲ್ಲ. ಮಳೆ, ಬಸ್ ಸ್ಟ್ಯಾಂಡ್, ಒಂದು ನಾಯಿಮರಿ, ಅಷ್ಟೇ.

ಅವರು ‘ಇದೇನು?’ ಎಂದು ಕೇಳಲಿಲ್ಲ. ಕೇಳಿದ್ದರೆ ಹದಿನಾಲ್ಕು ಬಾಯಿ ‘ನಾಯಿ’ ಅನ್ನುತ್ತಿದ್ದವು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ಕೇಳಿದ್ದು, “ಯಾಕೆ ಇಲ್ಲಿ ನಿಂತದೆ ಇದು?” ಕೇಳಿ ಸುಮ್ಮನಾದರು. ಆ ಮೌನ ಎಷ್ಟು ಉದ್ದವಿತ್ತೆಂದರೆ ನಾನೇ ಬಾಯಿ ಹಾಕುವವಳಿದ್ದೆ. ಆಗ ಮೂಲೆಯಿಂದ ಕೆಂಪು ಲಂಗದ ಹುಡುಗಿ, ನಾಲ್ಕು ವರ್ಷದವಳಿರಬೇಕು, ಹೇಳಿದಳು: “ಅದ್ರವ್ವ ಕೂಲಿಗ್ ಹೋಗವ್ಳೆ. ಬರಗಂಟ ಕಾಯ್ತಾ ಅದೆ.”

ನನ್ನ ಮೈ ಜುಮ್ಮೆಂದಿತು. ಆ ಹಾಳೆಯ ಮೇಲೆ ಅವ್ವ ಇರಲಿಲ್ಲ, ಕೂಲಿ ಇರಲಿಲ್ಲ, ಕಾಯುವುದಂತೂ ಯಾವ ಬಣ್ಣದಲ್ಲಿ ಬರೆಯಲಿಕ್ಕಾದೀತು! ಅಷ್ಟನ್ನೂ ಆಕೆ ಓದಿದ್ದಳು. “ಹೌದಾ? ಮಳೆ ಬತ್ತಾ ಅದಲ್ಲ, ನೆನೆಯಲ್ವಾ?” ಎಂದರು ಮಿಸ್. “ಬಸ್ಸಿನ ಕೆಳಕ್ಕೆ ಹೋಯ್ತದೆ.” “ಬಸ್ ಹೊಂಟೋದ್ರೆ?” ಈಗ ಎಲ್ಲರೂ ಒಟ್ಟಿಗೆ ಎದ್ದು ನಿಂತು ಕೂಗತೊಡಗಿದರು. ಕಥೆ ಪುಟದಿಂದ ಹಾರಿ ಚಾಪೆಗೆ ಬಂದುಬಿಟ್ಟಿತ್ತು.

ಹೀಗೆ ಕೇಳುವುದರಲ್ಲಿ ಎಷ್ಟು ಬಲವಿದೆ ಎಂಬುದನ್ನು ಅಳೆದವರಿದ್ದಾರೆ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಎರಡು ಮೂರು ವರ್ಷದ ಮಕ್ಕಳ ತಂದೆತಾಯಿಗಳನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪು ನಾಲ್ಕು ವಾರ ಮನೆಯಲ್ಲಿ ಮಕ್ಕಳಿಗೆ ಪುಸ್ತಕ ಓದಿತು. ಒಂದು ಗುಂಪು ಎಂದಿನಂತೆ ಓದಿತು. ಇನ್ನೊಂದು ಗುಂಪು ನಡುನಡುವೆ ನಿಲ್ಲಿಸಿ, ಹೌದು–ಇಲ್ಲ ಎಂದು ಮುಗಿಯದ ಪ್ರಶ್ನೆ ಕೇಳಿ, ಮಗುವಿನ ಮಾತಿಗೆ ಇನ್ನೊಂದು ಮಾತು ಸೇರಿಸಿತು. ತಿಂಗಳು ಕಳೆಯುವಷ್ಟರಲ್ಲಿ ಎರಡನೆಯ ಗುಂಪಿನ ಮಕ್ಕಳು ಮಾತಿನಲ್ಲಿ 6ರಿಂದ 8 ತಿಂಗಳಷ್ಟು ಮುಂದಿದ್ದರು. ವ್ಯತ್ಯಾಸವಿದ್ದದ್ದು ಪುಸ್ತಕದಲ್ಲಲ್ಲ, ದೊಡ್ಡವರು ಯಾವಾಗ ಬಾಯಿ ಮುಚ್ಚಿ ಕಾದರು ಎಂಬುದರಲ್ಲಿ!

ಈ ಚಿತ್ರಪುಸ್ತಕದ ಮೂಲ ಹುಡುಕುತ್ತ ಹಿಂದೆ ಹೋದರೆ 1658ರ ನ್ಯೂರೆಂಬರ್ಗ್ ಸಿಗುತ್ತದೆ. ಕೊಮೀನಿಯಸ್ ಎಂಬ ಮೊರೇವಿಯಾದ ಶಿಕ್ಷಕ, ಯುದ್ಧದಲ್ಲಿ ಊರು ಬಿಟ್ಟು ದೇಶ ದೇಶ ಅಲೆದವನು, ಮಕ್ಕಳಿಗೆಂದೇ ಚಿತ್ರಗಳ ಪಾಠಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ವರ್ಣಮಾಲೆ ಹೇಗಿದೆ ಗೊತ್ತೇ? ಒಂದೊಂದು ಅಕ್ಷರದ ಪಕ್ಕದಲ್ಲೂ ಆ ದನಿ ಹೊರಡಿಸುವ ಜೀವದ ಚಿತ್ರ! ಕಾಗೆ, ಕುರಿಮರಿ, ಬಾತು, ತೋಳ, ಕರಡಿ, ಅಳುವ ಕೂಸು. ಬೀಸುವ ಗಾಳಿಗೂ ಒಂದು ಅಕ್ಷರ. ಮಗು ಕಾಗೆಯಂತೆ ಕೂಗಬೇಕು, ಕೂಗಿದ್ದೇ ಅಕ್ಷರವಾಯಿತು. ಮೂರೂವರೆ ಶತಮಾನದ ಹಿಂದೆಯೇ ಒಬ್ಬನಿಗೆ ಇದು ಹೊಳೆದಿತ್ತಲ್ಲ! ಹಾಗಿದ್ದೂ ಮೂರು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ‘ಅ’ವನ್ನು ನೂರು ಸಲ ತಿದ್ದಿಸುವುದನ್ನು ಇಂದಿಗೂ ನೋಡುತ್ತೇನೆ. ಹೊಟ್ಟೆ ಉರಿಯುತ್ತದೆ.

ಅಂಗನವಾಡಿಯಲ್ಲಿ ಆಮೇಲೆ ಆಟದ ಹೊತ್ತು. ಒಬ್ಬ ಹುಡುಗ ಕೋಲನ್ನು ಕಾಲ ನಡುವೆ ಇಟ್ಟು ಕುದುರೆ ಓಡಿಸಿದ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ 1933ರ ತನ್ನ ಉಪನ್ಯಾಸದಲ್ಲಿ ಇದೇ ಕೋಲುಕುದುರೆಯ ಮಾತಾಡಿದ್ದಾನೆ: ಮಗುವಿನ ಮನಸ್ಸಿನಲ್ಲಿ ವಸ್ತುವಿನಿಂದ ಅರ್ಥ ಬಿಡಿಸಿಕೊಳ್ಳುವುದು ಈ ಆಟದಲ್ಲಿ. ನೋಡಿ, ಪುಟದ ಬಾಳೆಹಣ್ಣು, ಕೋಲಿನ ಕುದುರೆ, ಗೆರೆಯ ‘ಅ’, ಮೂರೂ ಒಂದೇ ಬೆರಗಿನ ಮಕ್ಕಳು!

ಕೆಂಪು ಲಂಗದವಳು ಹೋಟೆಲ್ ತೆರೆದಿದ್ದಳು. ಮುತ್ತುಗದ ಎಲೆ ತಟ್ಟೆ, ಒದ್ದೆ ಮಣ್ಣು ಇಡ್ಲಿ. ನಾನು ಹೋಗಿ ಕೂತೆ.

“ಏನ್ ಬೇಕಕ್ಕ?”

“ಮೂರು ಇಡ್ಲಿ, ಒಂದು ವಡೆ.”

ಅವಳು ಸ್ಲೇಟು ತೆಗೆದಳು. ಬಳಪದಿಂದ ಒಂದು ಉರುಟು ಚುಕ್ಕೆ, ಇನ್ನೊಂದು, ಮತ್ತೊಂದು. ನಾಲ್ಕನೆಯದಕ್ಕೆ ಬಳಪ ನಿಲ್ಲಿಸಿ ಸ್ವಲ್ಪ ಯೋಚಿಸಿದಳು. ಬಳಿಕ ಒಂದು ಸುತ್ತು ಎಳೆದು, ಒಳಗೆ ಇನ್ನೊಂದು ಪುಟ್ಟ ಸುತ್ತು ಎಳೆದಳು. ತೂತು! ವಡೆಯ ತೂತು! ಯಾರೂ ಹೇಳಿಕೊಟ್ಟಿರಲಿಲ್ಲ. ಸಾವಿರಾರು ವರ್ಷಗಳ ಹಿಂದೆ ಮಣ್ಣಿನ ಹಲಗೆಯ ಮೇಲೆ ಎತ್ತು, ಧಾನ್ಯ, ಕುರಿಗಳ ಲೆಕ್ಕ ಬರೆಯುತ್ತ ಸುಮೇರಿಯನ್ನರು ಲಿಪಿ ಕಂಡುಹಿಡಿದದ್ದು ಹೀಗೆಯೇ, ಮತ್ತು ನಾನು ಅದನ್ನು ನನ್ನ ಕಣ್ಣೆದುರು, ಒಂದು ಚಾಪೆಯ ತುದಿಯಲ್ಲಿ, ಮತ್ತೊಮ್ಮೆ ನಡೆಯುವುದನ್ನು ನೋಡುತ್ತಿದ್ದೆ.

ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. ಅವನಿಗೆ ಬಡಿಸಿ ತಿರುಗಿ ಬಂದವಳು ಸ್ಲೇಟಿನ ಮೇಲೆ ಬೆರಳಿಟ್ಟು ಓದಿದಳು: “ಇಡ್ಲಿ, ಇಡ್ಲಿ, ಇಡ್ಲಿ, ವಡೆ. ಇಪ್ಪತ್ತು ರೂಪಾಯಿ.”

ನಾನು ಎರಡು ಹುಣಸೆಬೀಜ ಕೊಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿ, ಒಂದನ್ನು ಚಿಲ್ಲರೆ ಎಂದು ವಾಪಸ್ ಕೊಟ್ಟಳು.