ಹೊಸ ಜೀವಿಗೆ ಖಾತೆ ತೆರೆಯುವುದು ಹೇಗೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

‘ಪಶ್ಚಿಮ ಘಟ್ಟದಲ್ಲಿ ಹೊಸ ಕಪ್ಪೆ ಪತ್ತೆ’ ಎಂಬಂಥ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿರುತ್ತೇವೆ. ಆ ಕಪ್ಪೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ನಮ್ಮ ತಾತನ ತಾತನ ಕಾಲದಲ್ಲೂ ಅಲ್ಲೇ ಇತ್ತು. ಹಾಗಾದರೆ ಹೊಸದು ಯಾವುದು? ವಿಜ್ಞಾನದ ಲೆಕ್ಕಪುಸ್ತಕದಲ್ಲಿ ಅದರ ಹೆಸರಿಗೆ ತೆರೆದ ಖಾತೆ ಮಾತ್ರ ಹೊಸದು. ಆ ಖಾತೆ ತೆರೆಯುವ ಕ್ರಮವನ್ನು ಓದುತ್ತಾ ಹೋದಾಗ ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಅದು ಪರಿಚಯದ ಕೆಲಸದಂತೆಯೇ ಕಂಡಿತು.

ಮೊದಲು ತಾಳೆ ನೋಡುವುದು

ಉದ್ದಗಾಲಿನ ನೊಣಗಳ ಉದಾಹರಣೆ ತೆಗೆದುಕೊಳ್ಳೋಣ. ಹಸಿರು ಲೋಹದಂತೆ ಹೊಳೆಯುವ, ಕಾಲು ಉದ್ದವಿರುವ ಸಣ್ಣ ನೊಣಗಳಿವು. ತೇವವಿರುವ ಕಡೆ ಎಲೆಗಳ ಮೇಲೆ ಓಡಾಡುತ್ತಾ ತಮಗಿಂತ ಸಣ್ಣ ಹುಳುಗಳನ್ನು ಹಿಡಿದು ತಿನ್ನುತ್ತವೆ. ಮರವೇ ಬೆಳೆಯದಷ್ಟು ಚಳಿ ಇರುವ ಬೆಟ್ಟದ ಟಂಡ್ರಾದಿಂದ ಹಿಡಿದು ಬಿಸಿಲಿನ ದೇಶಗಳವರೆಗೆ ಇವು ಹರಡಿವೆ. ಜಗತ್ತಿನಲ್ಲಿ ಈ ಒಂದು ಕುಟುಂಬದಲ್ಲೇ 7,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರು ಇಡಲಾಗಿದೆ.

ಬರಿಗಣ್ಣಿಗೆ ಅನೇಕವು ಒಂದೇ ಥರ ಕಾಣುತ್ತವೆ. ಆದ್ದರಿಂದ ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ರೆಕ್ಕೆಯ ನರಗಳು, ಕಾಲಿನ ಮುಳ್ಳುಗೂದಲು, ಗಂಡುನೊಣದ ಜನನಾಂಗದ ಆಕಾರ ಎಲ್ಲವನ್ನೂ ನೋಡುತ್ತಾರೆ. ಆ ಗುಂಪಿನ ಬಗ್ಗೆ ಹಿಂದೆ ಪ್ರಕಟವಾದ ವಿವರಣೆಗಳನ್ನು ತೆಗೆಸುತ್ತಾರೆ, ಸಂಗ್ರಹಾಲಯದಲ್ಲಿರುವ ಹಳೆಯ ಮಾದರಿಗಳ ಜೊತೆ ತಾಳೆ ನೋಡುತ್ತಾರೆ. ಯಾವುದಕ್ಕೂ ಹೊಂದದಿದ್ದರೆ ಮಾತ್ರ ‘ಇದು ಹೊಸದು’ ಎನ್ನುತ್ತಾರೆ. ಈ ಕೆಲಸಕ್ಕೆ ಕೆಲವೊಮ್ಮೆ ವರ್ಷಗಳೇ ಬೇಕು.

ವೋಚರ್ ಇಲ್ಲದೆ ಎಂಟ್ರಿ ಇಲ್ಲ

ವೋಚರ್ ಇಲ್ಲದೆ ಎಂಟ್ರಿ ಮಾಡಬಾರದೆಂದು ನಮಗೆ ಕಲಿಸುತ್ತಾರೆ. ಇಲ್ಲೂ ಅದೇ ನಿಯಮ. ಹೊಸ ಪ್ರಭೇದಕ್ಕೆ ಆಧಾರವಾದ ಒಂದು ಮಾದರಿಯನ್ನು ಆರಿಸಿ ಅದಕ್ಕೆ ‘ಹೋಲೋಟೈಪ್’ ಎನ್ನುತ್ತಾರೆ. ಸಿಕ್ಕಿದ ಜಾಗ, ದಿನಾಂಕ, ಹಿಡಿದವರ ಹೆಸರು ಬರೆದ ಚೀಟಿ ಅದರ ಜೊತೆಗಿರುತ್ತದೆ. ಅದನ್ನು ಸಂಗ್ರಹಾಲಯದಲ್ಲಿ ಕಾಪಾಡುತ್ತಾರೆ. ನಮ್ಮ ದೇಶದಲ್ಲಿ 1916ರಲ್ಲಿ ಆರಂಭವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಇಂಥ ಮಾದರಿಗಳನ್ನು ಇಟ್ಟುಕೊಂಡಿದೆ. ನೂರು ವರ್ಷದ ನಂತರ ಯಾರಿಗಾದರೂ ಅನುಮಾನ ಬಂದರೆ ಆ ಮಾದರಿಯನ್ನೇ ತೆಗೆದು ನೋಡಬಹುದು. ಇಂಥ ಮಾದರಿಗಳಿಗೆ ವಿಜ್ಞಾನಿಗಳೂ ‘ವೋಚರ್’ ಎಂದೇ ಹೇಳುತ್ತಾರೆ.

ಆಮೇಲೆ ವಿವರಣೆ ಬರೆದು ಪ್ರಕಟಿಸಬೇಕು. ಅದೂ ಸಾಮಾನ್ಯವಾಗಿ ಜರ್ನಲ್‌ನಲ್ಲೇ! ಪ್ರಕಟಣೆಗೆ ಮೊದಲು ಬೇರೆ ತಜ್ಞರು ಓದಿ ಪರಿಶೀಲಿಸುತ್ತಾರೆ, ಅದು ಆಡಿಟ್ ಇದ್ದಂತೆ. ಹೆಸರಿನಲ್ಲಿ ಎರಡು ಭಾಗ: ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಾಣಿಗಳ ಹೆಸರಿನ ಲೆಕ್ಕ ಶುರುವಾಗುತ್ತದೆ. ಒಂದೇ ಜೀವಿಗೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದೇ ಉಳಿಯುತ್ತದೆ.

ಕುಂಬಾರ ಕಪ್ಪೆ

ಹೆಸರು ಲ್ಯಾಟಿನ್ ಪದವೇ ಆಗಬೇಕಿಲ್ಲ. ರೋಮನ್ ಅಕ್ಷರದಲ್ಲಿ ಬರೆದರೆ ಯಾವ ಭಾಷೆಯದಾದರೂ ಸರಿ. 2014ರಲ್ಲಿ ಕೆ.ವಿ. ಗುರುರಾಜ, ಕೆ.ಪಿ. ದಿನೇಶ್, ಎಚ್. ಪ್ರೀತಿ ಮತ್ತು ಜಿ. ರವಿಕಾಂತ್ ಉತ್ತರ ಕನ್ನಡದ ಕಾಡಿನ ಒಂದು ಕಪ್ಪೆಗೆ ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂದು ಹೆಸರಿಟ್ಟರು. ಹೊಳೆಯ ನೀರಿನ ಮೇಲೆ ಚಾಚಿಕೊಂಡ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸಿ ಹೋದ ಮೇಲೆ, ಗಂಡು ಕಪ್ಪೆ ಮುಂಗೈಯಲ್ಲಿ ಕೆಸರು ತಂದು, ಹಿಂಗಾಲ ಮೇಲೆ ನಿಂತು ಮೊಟ್ಟೆಗಳಿಗೆ ಮೆತ್ತುತ್ತದೆ. ಈ ಮಣ್ಣಿನ ಕೆಲಸಕ್ಕೇ ಅದಕ್ಕೆ ಆ ಹೆಸರು ಬಂತು. ಆದರೆ ಕೆಸರು ಮೆತ್ತುವುದನ್ನು ನೋಡಿದ್ದಷ್ಟೇ ಸಾಕಾಗಲಿಲ್ಲ. ದೇಹದ ಅಳತೆ, ಕೂಗಿನ ಧ್ವನಿಮುದ್ರಣ, ಡಿಎನ್‌ಎ ಎಲ್ಲವೂ ಬೇರೆ ಎಂದು ತೋರಿಸಬೇಕಾಯಿತು.

ನಮ್ಮ ಮನೆಯ ಉರ್ದುವಿನಲ್ಲಿ ಕುಂಬಾರನಿಗೆ ‘ಕುಮ್ಹಾರ್’ ಅನ್ನುತ್ತೇವೆ. ಅಮ್ಮಿಗೆ ಈ ಕಪ್ಪೆಯ ಹೆಸರು ಹೇಳಿದಾಗ ಅರ್ಥ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಜಗತ್ತಿನ ಯಾವ ದೇಶದ ವಿಜ್ಞಾನಿಯಾದರೂ ಈಗ ಈ ಕಪ್ಪೆಯನ್ನು ನಮ್ಮ ಕನ್ನಡ ಪದದಿಂದಲೇ ಕರೆಯಬೇಕು.

ತಿದ್ದುಪಡಿಗೂ ದಾರಿಯಿದೆ

ತಪ್ಪು ಖಾತೆಗೆ ಬರೆದ ಎಂಟ್ರಿಯನ್ನು ತಿದ್ದುವುದೂ ಇದೆ. ಇದಕ್ಕೆ ನಮ್ಮ ಕೊಪ್ಪಳ, ಗಂಗಾವತಿ ಕಡೆಯ ಬೆಟ್ಟಗಳ ಕರಡಿಯೇ ಸಾಕ್ಷಿ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಇದನ್ನು ಮೊದಲ ಬಾರಿಗೆ ವಿವರಿಸಿದಾಗ, ಉದ್ದ ಉಗುರು ಮತ್ತು ವಿಚಿತ್ರ ಹಲ್ಲು ನೋಡಿ ದಕ್ಷಿಣ ಅಮೆರಿಕದ ‘ಸ್ಲಾತ್’ ಎಂಬ ನಿಧಾನ ಪ್ರಾಣಿಯ ಗುಂಪಿಗೆ ಸೇರಿಸಿಬಿಟ್ಟರು. ಮುಂದೆ ಅದು ಕರಡಿಯೇ ಎಂದು ತಿಳಿದು ಕುಲ ಬದಲಾಯಿತು. ಈಗಿನ ಹೆಸರು ಮೆಲುರ್ಸಸ್ ಉರ್ಸಿನಸ್. ಶಾ ಕೊಟ್ಟ ‘ಉರ್ಸಿನಸ್’ ಹಾಗೇ ಉಳಿದಿದೆ. ಇಂಗ್ಲಿಷಿನಲ್ಲಿ ಇದನ್ನು ಇಂದಿಗೂ ‘ಸ್ಲಾತ್ ಬೇರ್’ ಎನ್ನುವುದು ಆ ಹಳೆಯ ತಪ್ಪಿನ ಗುರುತು.

ಹೆಸರಿನಿಂದ ಏನು ಲಾಭ?

ಈ ಕರಡಿಯ ಹೆಸರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ. ಆದ್ದರಿಂದ ಅದನ್ನು ಕೊಲ್ಲುವುದು ಅಪರಾಧ. ಕಾಯ್ದೆಯ ಪಟ್ಟಿಗೆ ಸೇರಬೇಕಾದರೆ ಮೊದಲು ಹೆಸರು ಬೇಕು. ಲೆಕ್ಕದಲ್ಲಿ ತೋರಿಸದ ಆಸ್ತಿ ಕಳೆದುಹೋದರೆ ನಷ್ಟವನ್ನೂ ತೋರಿಸಲಾಗುವುದಿಲ್ಲ. ಹೆಸರಿಲ್ಲದ ಜೀವಿಯ ಗತಿಯೂ ಅಷ್ಟೇ. ಜಗತ್ತಿನಲ್ಲಿ ಹೆಸರು ಸಿಕ್ಕಿರುವ ಕೀಟ ಪ್ರಭೇದಗಳು ಸುಮಾರು 10 ಲಕ್ಷ. ಇನ್ನೂ ಹೆಸರು ಸಿಗದವು ಅದರ ಹಲವು ಪಟ್ಟು ಇರಬಹುದೆಂದು ಅಂದಾಜು.

ಅವೆಲ್ಲ ದಟ್ಟ ಕಾಡಿನಲ್ಲೇ ಇರಬೇಕೆಂದಿಲ್ಲ. 2016ರಲ್ಲಿ ವಿವರಿಸಿದ ‘ಮೈಕ್ರೊಹೈಲಾ ಲ್ಯಾಟರೈಟ್’ ಎಂಬ ಪುಟ್ಟ ಕಪ್ಪೆ ಸಿಕ್ಕಿದ್ದು ಮಣಿಪಾಲದ ಸುತ್ತಿನ ಮುರಕಲ್ಲಿನ ಬಯಲಿನಲ್ಲಿ. ಬೆರಳ ಉಗುರಿನಷ್ಟು ಗಾತ್ರದ ಇದರ ಕೂಗು ಮಿಡತೆಯ ಸದ್ದಿನಂತಿದೆ. ಇಂಥ ಬಯಲುಗಳನ್ನು ಜನ ಬಂಜರು ಎಂದುಕೊಂಡು ಕಲ್ಲು ತೆಗೆಯಲು, ಕಸ ಹಾಕಲು ಬಳಸುತ್ತಾರೆ. ಜನರ ಗಮನ ಅತ್ತ ಹರಿಯಲೆಂದೇ ವಿಜ್ಞಾನಿಗಳು ಕಪ್ಪೆಗೆ ಆ ಕಲ್ಲಿನ ಹೆಸರಿಟ್ಟರು. ಕುಷ್ಟಗಿ, ಯಲಬುರ್ಗಾದ ಒಣ ಗುಡ್ಡಗಳನ್ನು ನೋಡಿ ನಾವೂ ‘ಅಲ್ಲೇನೈತಿ, ಬರೇ ಕಲ್ಲು’ ಎನ್ನುತ್ತೇವೆ. ಯಾರಾದರೂ ಹೋಗಿ ಎಣಿಸುವ ಮೊದಲೇ ಹಾಗೆ ಹೇಳುವುದು ಸರಿಯಲ್ಲ.

ಹೊಸ ಪ್ರಭೇದ ವಿವರಿಸುವುದು ತಜ್ಞರ ಕೆಲಸ, ಆದರೆ ಮೊದಲ ಎಂಟ್ರಿಗೆ ನಾವೂ ನೆರವಾಗಬಹುದು. ಮಳೆ ಬಿದ್ದ ಮೇಲೆ ಕಾಲೇಜಿನ ಅಂಗಳದಲ್ಲೋ, ಗದ್ದೆಯ ಬದುವಿನಲ್ಲೋ ಕಂಡ ಹುಳು, ಕಪ್ಪೆಯನ್ನು ಮುಟ್ಟದೆ, ಹಿಡಿಯದೆ ಫೋಟೊ ತೆಗೆಯಿರಿ. ದಿನಾಂಕ ಮತ್ತು ಜಾಗವನ್ನು ತಪ್ಪದೆ ಬರೆದು ‘ಐನ್ಯಾಚುರಲಿಸ್ಟ್’ ಅಥವಾ ‘ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್’ಗೆ ಹಾಕಿ. ಗುರುತಿಸಬಲ್ಲವರು ಅಲ್ಲಿ ಹೆಸರು ಹೇಳುತ್ತಾರೆ. ಸೈನ್ಸ್ ವಿಭಾಗದವರು ಜೊತೆಗೆ ಬಂದರೆ ನಮ್ಮ ಅಂಗಳದ್ದೇ ಒಂದು ಪಟ್ಟಿ ಮಾಡೋಣ, ರಿಜಿಸ್ಟರ್ ಬರೆಯುವ ಕೆಲಸ ಕಾಮರ್ಸಿನವರಿಗೆ ಇರಲಿ.