ಕಡಬದಿಂದ ಸುಬ್ರಹ್ಮಣ್ಯಕ್ಕೆ ಒತ್ತಕ್ಷರದ ದಾರಿ

ಕಡಬ. ಮೂರೇ ಅಕ್ಷರ. ಒಂದಕ್ಕೂ ಗುಡಿಸಿಲ್ಲ, ಕೊಂಬಿಲ್ಲ, ಒತ್ತಿಲ್ಲ. ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ ಮಗು ಮಳೆ ಬಿಡುವುದರೊಳಗೆ ಓದಿಬಿಡಬಹುದಾದ ಹೆಸರು. ಬಿಳಿನೆಲೆಗೆ ಬಂದರೆ ಗುಣಿತಾಕ್ಷರ ಗೊತ್ತಿರಬೇಕು. ಅದರ ಪಕ್ಕದ ನೆಟ್ಟಣದಲ್ಲಿ ಒಂದು ಟ ಇನ್ನೊಂದು ಟದ ಕಾಲಿಗೆ ಜೋತುಬಿದ್ದಿದೆ. ಸುಳ್ಯದಲ್ಲಿ ಜೋತುಬಿದ್ದದ್ದು ಬೇರೆಯದೇ ಅಕ್ಷರ. ಇನ್ನು ನೆಟ್ಟಣದ ರೈಲು ನಿಲ್ದಾಣದ ಫಲಕ ನೋಡಿ: ‘ಸುಬ್ರಹ್ಮಣ್ಯ ರೋಡ್’. ಮೊದಲ ಪದವೊಂದರಲ್ಲೇ ಬ್ರ, ಹ್ಮ, ಣ್ಯ ಎಂದು ಮೂರು ಒತ್ತಕ್ಷರ! ಕುಕ್ಕೆಗೆ ಹೊರಟ ಯಾತ್ರಿಕರು ಇಳಿಯುವ ಈ ನಿಲ್ದಾಣದ ಹೆಸರನ್ನು ತಡವರಿಸದೆ ಓದುವ ಮಗು ಕನ್ನಡ ಓದಿನ ಘಟ್ಟ ಹತ್ತಿದಂತೆಯೇ.

ಪಠ್ಯಪುಸ್ತಕ ಬರೆಯುವವರು ಇಷ್ಟು ಸಲೀಸಾದ ಏಣಿಯನ್ನು ಕುಳಿತು ಯೋಚಿಸಿದರೂ ಕಟ್ಟಲಾರರು. ಈ ಸೀಮೆಯ ಬಸ್ಸುಗಳ ಬೋರ್ಡುಗಳಲ್ಲಿ ಅದು ದಿನವೂ ಓಡಾಡುತ್ತಿರುತ್ತದೆ. ಗುತ್ತಿಗಾರು, ಬೆಳ್ಳಾರೆ, ಉಪ್ಪಿನಂಗಡಿ, ನೆಲ್ಯಾಡಿ, ಮರ್ದಾಳ, ಕೊಲ್ಲಮೊಗ್ರು. ಆದರೂ ನಮ್ಮ ತರಗತಿಗಳಲ್ಲಿ ಒತ್ತಕ್ಷರವೆಂದರೆ ಗುಣಿತಾಕ್ಷರವೆಲ್ಲ ಮುಗಿದ ಮೇಲೆ ಬರುವ ಕಷ್ಟದ ಪಾಠ ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ಮಗುವಿನ ಕಿವಿಗೆ ಅದು ಕಷ್ಟದ್ದಲ್ಲ, ಕಷ್ಟವಿರುವುದು ಕಣ್ಣಿಗೆ. ಎರಡನ್ನೂ ಒಂದೇ ಪಾಠದಲ್ಲಿ ಕಲಸಿಬಿಡುವುದರಿಂದಲೇ ಮಕ್ಕಳು ಎಡವುತ್ತಾರೆ ಎಂಬುದು ನನ್ನ ಅನಿಸಿಕೆ.

ಕಿವಿಯ ಮಾತು ಮೊದಲು. ನೆಟ್ಟಣ, ಬಿಳಿನೆಲೆ, ಕಡಬದ ಕಡೆಯ ತರಗತಿಯಲ್ಲಿ ಮನೆಮಾತು ಒಂದೇ ಆಗಿರುವುದು ಅಪರೂಪ. ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ ಎಲ್ಲವೂ ಇವೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆನಿಂತ ಕುಟುಂಬಗಳ ತಮಿಳೂ ಪುತ್ತೂರು, ಸುಳ್ಯ ಸೀಮೆಯಲ್ಲಿ ಕೇಳಿಸುತ್ತದೆ. ಇಷ್ಟು ಮಾತುಗಳಿದ್ದರೂ ಒಂದು ವಿಷಯದಲ್ಲಿ ಇವೆಲ್ಲ ಒಟ್ಟು: ಒಂದೇ ವ್ಯಂಜನವನ್ನು ಒತ್ತಿ ಹೇಳುವುದು ಎಲ್ಲಕ್ಕೂ ಹುಟ್ಟುಗುಣ. ತುಳುವಿನ ಮಗು ಬೆಕ್ಕನ್ನು ‘ಪುಚ್ಚೆ’ ಎನ್ನುತ್ತದೆ, ದನವನ್ನು ‘ಪೆತ್ತ’ ಎನ್ನುತ್ತದೆ. ಮಲಯಾಳದ ಮನೆಯಲ್ಲಿ ಬೆಕ್ಕು ‘ಪೂಚ್ಚ’. ತಮಿಳಿನಲ್ಲೂ ಅಕ್ಕ ಅಕ್ಕನೇ. ಹೀಗಾಗಿ ಕನ್ನಡದ ಸಜಾತೀಯ ಒತ್ತಕ್ಷರಗಳಾದ ಕ್ಕ, ಚ್ಚ, ಟ್ಟ, ತ್ತ, ಲ್ಲ, ಳ್ಳಗಳ ಸದ್ದು ಶಾಲೆಗೆ ಬರುವ ಹೊತ್ತಿಗೇ ಮಗುವಿನ ಬಾಯಲ್ಲಿರುತ್ತದೆ.

ವಿಜಾತೀಯ ಒತ್ತಕ್ಷರದ ಕತೆ ಬೇರೆ. ಅದು ಬಹುಪಾಲು ಸಂಸ್ಕೃತದಿಂದಲೋ ಇಂಗ್ಲಿಷಿನಿಂದಲೋ ಬಂದ ಪದಗಳ ಜೊತೆ ಬಂದದ್ದು. ಆಡುಮಾತು ಅದನ್ನು ಒಡೆದೋ ಸವೆಸಿಯೋ ಹಗುರ ಮಾಡಿಕೊಳ್ಳುತ್ತದೆ. ಪ್ರಸಾದ ‘ಪರಸಾದ’ವಾಗುತ್ತದೆ, ಸ್ಕೂಲು ‘ಇಸ್ಕೂಲು’ ಆಗುತ್ತದೆ, ಬ್ರಹ್ಮನ ಹ್ಮ ಬಾಯಿಯಲ್ಲಿ ‘ಮ್ಹ’ ಎಂದು ತಲೆಕೆಳಗಾಗುತ್ತದೆ. (ಹಾಗೆಂದು ಎಲ್ಲವನ್ನೂ ಸಡಿಲಿಸುತ್ತೇವೆ ಎನ್ನುವಂತಿಲ್ಲ. ನಮ್ಮ ಕಡೆ ಮೇಷ್ಟ್ರಿಗೆ ‘ಮಾಸ್ಟ್ರು’ ಎನ್ನುತ್ತೇವೆ. ಮೂರು ವ್ಯಂಜನ ಒಟ್ಟಿಗೆ, ಒಂದೂ ಕಳಚಿಬೀಳುವುದಿಲ್ಲ.) ಹಾಗಾಗಿ ಕಲಿಸುವಾಗಲೂ ಸಜಾತೀಯ ಮೊದಲು, ವಿಜಾತೀಯ ಆಮೇಲೆ ಎಂಬ ರೂಢಿ ಸರಿಯಾದದ್ದೇ. ಆದರೆ ಸಜಾತೀಯವನ್ನು ಇಷ್ಟು ತಡಮಾಡುವ ಅಗತ್ಯವಿಲ್ಲ.

ಇನ್ನು ಕಣ್ಣಿನ ಕಷ್ಟ. ‘ರೊಟ್ಟಿ’ ಬರೆದು ನೋಡಿ. ನಾಲಗೆಗೆ ಮೊದಲು ಬರುವುದು ಅರ್ಧ ಟ್, ಆಮೇಲೆ ಟಿ. ಕಾಗದದ ಮೇಲೆ ಗುಡಿಸು ಹೋಗಿ ಕೂರುವುದು ಮೇಲಿನ ಟದ ತಲೆಯ ಮೇಲೆ, ಒತ್ತು ಅದರ ಕೆಳಗೆ. ಕಂಡದ್ದನ್ನು ಕಂಡಹಾಗೆ ಓದುವ ಮಗು ‘ರೊಟಿಟ’ ಎಂದರೆ ಅದರ ತಪ್ಪೇನು? ಅದು ಲಿಪಿಗೆ ನಿಷ್ಠವಾಗಿಯೇ ಇದೆ. ‘ಕುಕ್ಕೆ’ಯನ್ನು ‘ಕುಕೆಕ’ ಎಂದು ಓದುವುದೂ ಇದೇ ಲೆಕ್ಕದಲ್ಲಿ. ಸ್ವರದ ಗುರುತು ಮೇಲಿನ ಅಕ್ಷರಕ್ಕೆ ಅಂಟಿದ್ದರೂ ಅದನ್ನು ಉಚ್ಚರಿಸುವುದು ಕೆಳಗಿನ ಅಕ್ಷರದ ಜೊತೆಗೆ. ಈ ಒಂದು ಗುಟ್ಟನ್ನು ಬಾಯಿಬಿಟ್ಟು ಹೇಳಿಕೊಡದೆ ‘ಟಕ್ಕೆ ಟ ಒತ್ತು ಕೊಟ್ಟರೆ ಟ್ಟ’ ಎಂದು ಎಷ್ಟು ಸಲ ಕೂಗಿಸಿದರೂ ಪ್ರಯೋಜನ ಕಡಿಮೆ. ಆ ರಾಗ ಬರೆಯುವ ಕೈಗೆ ದಾರಿ ತೋರಿಸುತ್ತದೆ, ಓದುವ ಕಣ್ಣಿಗಲ್ಲ.

ಎರಡನೆಯ ತೊಡಕು ಆಕಾರದ್ದು. ಹೆಚ್ಚಿನ ವ್ಯಂಜನಗಳು ತಲೆಕಟ್ಟು ಕಳಚಿ, ಮೈ ಸಣ್ಣದು ಮಾಡಿಕೊಂಡು ಕೆಳಗಿಳಿಯುತ್ತವೆ, ಗುರುತು ಸಿಗುತ್ತದೆ. ತ, ನ, ಮ, ಯ, ರ, ಲ ಎಂಬ ಆರು ಮಾತ್ರ ವೇಷವನ್ನೇ ಬದಲಿಸಿಬಿಡುತ್ತವೆ. ಪುತ್ತೂರಿನ ತ ಒತ್ತನ್ನು ತ ಎಂದು ಯಾರಾದರೂ ಹೇಳಿಕೊಟ್ಟರೆ ಮಾತ್ರ ಗೊತ್ತಾಗಬೇಕು. ಇವುಗಳಲ್ಲಿ ರ, ಮ, ಯ ಮೂರೂ ಸುಬ್ರಹ್ಮಣ್ಯದಲ್ಲೇ ಸಿಗುತ್ತವೆ, ಲ ಕೊಲ್ಲಮೊಗ್ರುವಿನಲ್ಲಿ. ನ ಒತ್ತಿಗೆ ಬಸ್ಸು ಹತ್ತಬೇಕಾಗಿಲ್ಲ, ಮಧ್ಯಾಹ್ನದ ಬಿಸಿಯೂಟದ ಅನ್ನದಲ್ಲೇ ಇದೆ. ಆರನ್ನೂ ಬೇರೆಯಾಗಿ ತೆಗೆದು, ಹೆಸರಿಗೊಂದರಂತೆ ಪರಿಚಯ ಮಾಡಿಸಿದರೆ ಉಳಿದ ಒತ್ತುಗಳು ತಮ್ಮಷ್ಟಕ್ಕೆ ಬರುತ್ತವೆ.

ಎಲ್ಲಕ್ಕಿಂತ ಕಿಲಾಡಿ ಅರ್ಕಾವೊತ್ತು. ಮೊದಲು ಉಚ್ಚರಿಸಬೇಕಾದ ರ್ ಹೋಗಿ ಕೊನೆಯಲ್ಲಿ ನಿಲ್ಲುತ್ತದೆ. ಮರ್ದಾಳವನ್ನು ಮಗು ‘ಮದಾರಳ’ ಎಂದು ಓದುವುದು ಇದರಿಂದಲೇ. ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನವಿರುವ ಪರ್ಲಡ್ಕದ ಹೆಸರಿನಲ್ಲಂತೂ ಅರ್ಕಾವೊತ್ತಿನ ಹಿಂದೆಯೇ ಡ್ಕ ಕಾದು ಕುಳಿತಿದೆ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದ, ಕಲಿಕೆ ಆಟದಂತಿರಬೇಕು ಎಂದು ಹಟ ಹಿಡಿದ ಮನುಷ್ಯನ ವಿಳಾಸ ಓದುವುದೇ ಮಗುವಿಗೊಂದು ಪರೀಕ್ಷೆ!

ಕನ್ನಡದ ಓದು ನಿಧಾನಕ್ಕೆ ಕೈಗೂಡುವಂಥದ್ದು ಎಂಬುದಕ್ಕೆ ಅಧ್ಯಯನದ ಆಧಾರವೂ ಇದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಕನ್ನಡ ಮಕ್ಕಳ ಆರಂಭಿಕ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳನ್ನು ಪೂರ್ತಿ ಕಲಿಯುವುದು ಒಂದೆರಡು ವರ್ಷದಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದು ಕಂಡುಬಂತು. ಇಂಗ್ಲಿಷಿಗೆ 26 ಅಕ್ಷರ ಸಾಕು, ನಮ್ಮಲ್ಲಿ ಗುಣಿತ, ಒತ್ತು ಸೇರಿ ನೂರಾರು ಆಕಾರಗಳು. ‘ಎರಡನೇ ಕ್ಲಾಸಾದರೂ ಇನ್ನೂ ಒತ್ತಕ್ಷರ ಬರುವುದಿಲ್ಲ’ ಎಂದು ಮಗುವಿನ ಬೆನ್ನಿಗೆ ಗುದ್ದುವ ತಂದೆತಾಯಿಗೆ ಇದನ್ನು ಯಾರಾದರೂ ಹೇಳಬೇಕು.

ಸರ್ಕಾರಿ ಶಾಲೆಗಳ ನಲಿ-ಕಲಿ ಈ ಕಷ್ಟವನ್ನು ಹಗುರ ಮಾಡುವ ಅರ್ಧ ದಾರಿಯನ್ನು ಹಿಂದೆಯೇ ಕಂಡುಕೊಂಡಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹರಡಿದ ಈ ಪದ್ಧತಿಯಲ್ಲಿ ಮಗು ಅ ಆ ಇ ಈ ಎಂದು ವರ್ಣಮಾಲೆ ಹಿಡಿದು ಹೊರಡುವುದಿಲ್ಲ. ರ ಗ ಸ ದ ಅ ಎಂಬ ಐದರಿಂದ ಆರಂಭಿಸುತ್ತದೆ. ಐದು ಬಂದ ಕೂಡಲೇ ಸರ, ಅರಸ, ಗರಗಸ ಓದಬಹುದು. ಓದುವುದಕ್ಕೆ ಬೇಕಾದದ್ದು ಮೊದಲು, ವ್ಯಾಕರಣದ ಕ್ರಮ ಆಮೇಲೆ. ಇದೇ ಧೈರ್ಯವನ್ನು ಒತ್ತಕ್ಷರಕ್ಕೂ ತೋರಿಸಿದ್ದರೆ ಅಮ್ಮ, ಅಪ್ಪ, ಅಜ್ಜಿ, ಅಕ್ಕ ಎಂಬ ಮನೆಯ ಪದಗಳೆಲ್ಲ ಅಷ್ಟು ದಿನ ಹೊರಗೆ ಕಾಯಬೇಕಿರಲಿಲ್ಲ.

ಹಾಗಾದರೆ ಎಲ್ಲಿಂದ ಶುರುಮಾಡುವುದು? ಸ್ಲೇಟನ್ನು ಬದಿಗಿಟ್ಟು ಚಪ್ಪಾಳೆಯಿಂದ. ಹಳಿ, ಹಳ್ಳಿ. ಕತೆ, ಕತ್ತೆ. ಮಗ, ಮಗ್ಗ. ಎಲೆ, ಎಲ್ಲೆ. ಟೀಚರ್ ಜೋಡಿ ಹೇಳಲಿ, ಒತ್ತು ಕೇಳಿದಲ್ಲಿ ಮಕ್ಕಳು ಚಪ್ಪಾಳೆ ಹೊಡೆಯಲಿ. ‘ನನಗೊಂದು ಕತ್ತೆ ಹೇಳಿ’ ಎಂದರೆ ತರಗತಿ ನಕ್ಕುಬಿಡುತ್ತದೆ, ಒತ್ತು ಏನು ಮಾಡುತ್ತದೆಂದು ಆ ನಗುವೇ ತಿಳಿಸುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಪ್ರೌಢಶಾಲೆಯಲ್ಲಿ ಛಂದಸ್ಸು ಕಲಿಸುವಾಗ ಹೇಳುತ್ತೇವಲ್ಲ, ಅದು ಮೂಲತಃ ಕಿವಿಯ ಪಾಠ. ನೆಟ್-ಟ-ಣ ಎಂದು ಮೊದಲ ಚಪ್ಪಾಳೆಯನ್ನು ಕೊಂಚ ತಡೆದು ಹೊಡೆಯಲು ಆರು ವರ್ಷದ ಮಗುವಿಗೂ ಬರುತ್ತದೆ. ಪ್ರಸ್ತಾರ, ಗಣವಿಭಾಗ ಆಮೇಲೆ ನೋಡಿಕೊಳ್ಳೋಣ.

ಕಣ್ಣಿನ ಗೊಂದಲಕ್ಕೆ ಮೊಬೈಲಿನಲ್ಲೊಂದು ಮದ್ದಿದೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ‘ರೊಟ್ಟಿ’ ಒತ್ತುವಾಗ ಟ, ಆಮೇಲೆ ಒತ್ತಿನ ಕೀಲಿ, ಮತ್ತೆ ಟ, ಕೊನೆಗೆ ಇ. ಕೈಬರಹದಲ್ಲಿ ಕಲಸಿಹೋಗುವ ಕ್ರಮ ಇಲ್ಲಿ ನಾಲಗೆಯ ಕ್ರಮವೇ. ಮರ್ದಾಳಕ್ಕೂ ಮೊದಲು ರ, ಆಮೇಲೆ ದ. ಅಕ್ಷರಗಳು ಒಂದೊಂದಾಗಿ ಮೂಡಿ, ಕೊನೆಗೆ ರ್ ಹಾರಿ ದಾ ಆಚೆ ಹೋಗಿ ಕೂರುವುದನ್ನು ಪರದೆಯ ಮೇಲೆ ಕಣ್ಣಾರೆ ಕಂಡ ಮಗುವಿಗೆ ಅರ್ಕಾವೊತ್ತಿನ ವ್ಯಾಖ್ಯೆ ಬೇಕಾಗುವುದಿಲ್ಲ.

ಇಷ್ಟರ ನಡುವೆ ಇಂಗ್ಲಿಷ್ ಬರುತ್ತದೆ. 2007ರಿಂದ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ, ಅಲ್ಲಿಯೂ ಜೋಡಿ ಅಕ್ಷರಗಳಿವೆ. ನಮ್ಮದಕ್ಕೆ ನೇರ ವಿರುದ್ಧವಾದ ಜೋಡಿಗಳು. ಕನ್ನಡದಲ್ಲಿ ಎರಡು ಸದ್ದು ಸೇರಿ ಒಂದೇ ಆಕಾರದಲ್ಲಿ ಕೂರುತ್ತವೆ, ಇಂಗ್ಲಿಷಿನಲ್ಲಿ ಎರಡು ಆಕಾರ ಸೇರಿ ಒಂದೇ ಸದ್ದು ಕೊಡುತ್ತವೆ. ನಮ್ಮ ಶ ಒಂದೇ ಅಕ್ಷರ, ಅವರಿಗೆ ಅದಕ್ಕೆ ಎಸ್, ಎಚ್ ಎರಡೂ ಬೇಕು. ನಿಲ್ದಾಣದ ಫಲಕದ ‘ರೋಡ್’ನಲ್ಲಿ ಓ, ಎ ಅಕ್ಷರಗಳು ಪಕ್ಕಪಕ್ಕ ನಿಂತರೂ ಕೇಳಿಸುವುದು ಒಂದು ಓಕಾರ ಮಾತ್ರ. ಪುತ್ತೂರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ಟಿ ಹಾಕಿ ಒತ್ತನ್ನು ಉಳಿಸಿಕೊಳ್ಳುತ್ತೇವೆ, ಅದೇ ಎರಡು ಟಿ ‘ಬಟರ್’ ಎಂಬ ಇಂಗ್ಲಿಷ್ ಪದದಲ್ಲಿ ಒತ್ತನ್ನೇ ಕೊಡುವುದಿಲ್ಲ. ಇದನ್ನು ಮುಚ್ಚಿಟ್ಟು ಎರಡನ್ನೂ ಒಂದೇ ರಾಗದಲ್ಲಿ ಬಾಯಿಪಾಠ ಮಾಡಿಸುವುದಕ್ಕಿಂತ, ‘ಅಲ್ಲಿಯ ಆಟದ ನಿಯಮವೇ ಬೇರೆ’ ಎಂದು ಮಕ್ಕಳಿಗೆ ಹೇಳಿಬಿಡುವುದು ವಾಸಿ. ಎರಡು ಮೂರು ಮಾತುಗಳ ನಡುವೆ ದಿನವೂ ದಾಟಾಡುವ ಈ ಕಡೆಯ ಮಕ್ಕಳಿಗೆ ನಿಯಮ ಬದಲಾಗುವುದು ಹೊಸತೇನಲ್ಲ. ಸಿ, ಎಚ್ ಸೇರಿದರೆ ಚ ಎಂದು ಕಲಿತ ಮಾರನೆಯ ದಿನವೇ ಆ ಮಗು ತನ್ನ ಶಾಲೆಯ ಗೇಟಿನ ಮೇಲಿನ ‘ಸ್ಕೂಲ್’ ಪದದಲ್ಲಿ ಅದೇ ಜೋಡಿ ಕ ಆಗಿರುವುದನ್ನು ಕಂಡು ಟೀಚರ್ ಬಳಿ ವಿವರಣೆ ಕೇಳಿಕೊಂಡು ಬರುತ್ತದೆ. ಟೀಚರ್ ಅದಕ್ಕೆ ಸಿದ್ಧರಿದ್ದರೆ ಸಾಕು.